ಮೀನಮೇಷ ಎಣಿಸುವ ಮನಸ್ಸು

ರಾಶಿಚಕ್ರದಲ್ಲಿ ಮೀನವು ಕೊನೆಯ ರಾಶಿ, ಮೇಷವು ಮೊದಲನೆಯದು. ಚಕ್ರವಾದುದರಿಂದ ಕೊನೆಯದು ಮುಗಿದೊಡನೆಯೇ ಮೊದಲನೆಯದು ಮತ್ತೆ ಎದುರಾಗುತ್ತದೆ. ಎಣಿಕೆಗೆ ಅಂತ್ಯವೆಂಬುದೇ ಇಲ್ಲ. ಯಾವ ತೀರ್ಮಾನಕ್ಕೂ ಬಾರದೆ ತೊಳಲುವವನನ್ನು ಕುರಿತು ‘ಮೀನಮೇಷ ಎಣಿಸುತ್ತಿದ್ದಾನೆ’ ಎಂದು ನಮ್ಮ ಜನರು ಹೇಳುವ ಮಾತು ಎಷ್ಟು ಸಾರ್ಥಕವಾದುದು! ಅವನು ಸೋಮಾರಿಯಲ್ಲ, ಅವನ ಮನಸ್ಸು ಬಿಡುವಿಲ್ಲದೆ ದುಡಿಯುತ್ತಲೇ ಇದೆ. ಆದರೆ ಗಾಣದ ಎತ್ತಿನಂತೆ ಎಷ್ಟು ನಡೆದರೂ ಇದ್ದಲ್ಲಿಯೇ ಇರುತ್ತಾನೆ.

ಈ ತೊಳಲಾಟಕ್ಕೆ ನಮ್ಮ ನಾಡಿನಲ್ಲಿ ಒಂದು ಋತುವೂ ಉಂಟು. ಬೇಸಗೆಯಲ್ಲಿ ಹತ್ತನೆಯ ತರಗತಿಯ ಮತ್ತು ಪದವಿಪೂರ್ವ ಪರೀಕ್ಷೆಗಳ ಫಲಿತಾಂಶಗಳು ಹೊರಬಿದ್ದ ಮೇಲೆ ಸಾವಿರಾರು ಮನೆಗಳಲ್ಲಿ ‘ಮುಂದೇನು?’ ಎಂಬ ಒಂದೇ ಪ್ರಶ್ನೆ ಏಳುತ್ತದೆ. ಮಂಡ್ಯ ನಗರಕ್ಕೆ ತಾಗಿಕೊಂಡಿರುವ ಗುತ್ತಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹತ್ತನೆಯ ತರಗತಿಯಲ್ಲಿ ಉತ್ತಮವಾಗಿ ತೇರ್ಗಡೆಯಾದ ಅಲ್ಲಿನ ಒಬ್ಬ ಬಾಲಿಕೆಯನ್ನು ಕಲ್ಪಿಸಿಕೊಳ್ಳೋಣ. ಮನೆಗೆ ಒಂದೂವರೆ ಎಕರೆ ಕಬ್ಬಿನ ಗದ್ದೆ ಇದೆ. ಅವಳ ಮುಂದೆ ಪದವಿಪೂರ್ವ ಕಾಲೇಜಿನ ಕಲೆ, ವಾಣಿಜ್ಯ, ವಿಜ್ಞಾನ ಎಂಬ ಮೂರು ಬಾಗಿಲುಗಳು. ವಿಜ್ಞಾನದೊಳಗೆ ಹೊಕ್ಕರೆ ಜೀವಶಾಸ್ತ್ರವೋ ಗಣಕವಿಜ್ಞಾನವೋ ಎಂಬ ಮತ್ತೊಂದು ಕವಲು. ಪಕ್ಕದಲ್ಲಿ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ, ಅದರಾಚೆ ಐ.ಟಿ.ಐ. ಸ್ವಲ್ಪ ದೂರಕ್ಕೆ ದೃಷ್ಟಿ ಹಾಯಿಸಿದರೆ 1962ರಲ್ಲಿ ಪ್ರಾರಂಭವಾದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು, ವಿ.ಸಿ. ಫಾರಂನ ಕೃಷಿ ಕಾಲೇಜು, ನಗರದ ವೈದ್ಯಕೀಯ ಕಾಲೇಜು. ತಂದೆ ಒಂದು ಹೇಳುತ್ತಾನೆ, ಸೋದರಮಾವ ಇನ್ನೊಂದು, ಉಪಾಧ್ಯಾಯರು ಮತ್ತೊಂದು. ಗೆಳತಿಯರು ಹೋಗುವ ಕಡೆಗೇ ಹೋಗೋಣವೆಂದು ಮನಸ್ಸು ಮಗದೊಂದು ಹೇಳುತ್ತದೆ. ಅರ್ಜಿಯ ಕೊನೆಯ ದಿನ ಮಾತ್ರ ಯಾರಿಗೂ ಕಾಯದೆ ಹತ್ತಿರವಾಗುತ್ತಿದೆ.

ಇಂತಹ ಸಂದರ್ಭದಲ್ಲಿ ಮನಸ್ಸು ಏಕೆ ಹೀಗೆ ಡೋಲಾಯಮಾನವಾಗುತ್ತದೆ? ಅದನ್ನು ನೆಲೆಗೆ ನಿಲ್ಲಿಸುವ ಉಪಾಯಗಳಾವುವು? ಈ ಪ್ರಶ್ನೆಗಳನ್ನು ವಿಜ್ಞಾನವು ಪ್ರಯೋಗಕ್ಕೆ ಒಳಪಡಿಸಿದೆ. ಅದರ ಉತ್ತರಗಳನ್ನೂ, ಗುತ್ತಲಿನ ಸುತ್ತಲಿನ ಗದ್ದೆಗಳಿಗೆ ನೀರು ತಂದ ಒಂದು ಮಹಾಕಾರ್ಯದ ಪಾಠವನ್ನೂ ಜೊತೆಗಿಟ್ಟು ಪರಿಶೀಲಿಸೋಣ.

ಆಯ್ಕೆ ಹೆಚ್ಚಿದಷ್ಟೂ

1952ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಹಿಕ್ ಎಂಬಾತನು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದನು. ಎದುರಿಗೆ ಕೆಲವು ಸಣ್ಣ ದೀಪಗಳು. ಯಾವ ದೀಪ ಹೊತ್ತಿದರೆ ಅದಕ್ಕೆ ಸಂಬಂಧಿಸಿದ ಗುಂಡಿಯನ್ನು ಒತ್ತಬೇಕು. ದೀಪಗಳ ಸಂಖ್ಯೆ ಹೆಚ್ಚಿದಂತೆ ಒತ್ತಲು ಹಿಡಿಯುವ ಕಾಲವೂ ಹೆಚ್ಚಿತು. ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕಾಲವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರುತ್ತಿತ್ತು. ಯಾವ ಭಯವೂ ಆಸೆಯೂ ಇಲ್ಲದ ದೀಪಗಳ ಆಟದಲ್ಲಿಯೇ ಹೀಗಾದರೆ, ಬಾಳಿನ ದಾರಿಯನ್ನು ಆರಿಸುವಾಗ ತಡವಾಗುವುದು ಆಶ್ಚರ್ಯವೇ?

2000ದಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವು ಲೋಕಪ್ರಸಿದ್ಧವಾಯಿತು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ಹಣ್ಣಿನ ಜಾಮುಗಳನ್ನು ರುಚಿ ನೋಡಲು ಇಟ್ಟರು. 24 ಬಗೆಗಳನ್ನಿಟ್ಟಾಗ ಹೆಚ್ಚು ಜನ ನಿಂತು ನೋಡಿದರು. ಆದರೆ ನಿಂತವರಲ್ಲಿ ಕೊಂಡವರು ನೂರಕ್ಕೆ ಸುಮಾರು 3 ಮಂದಿ. 6 ಬಗೆಗಳನ್ನಷ್ಟೇ ಇಟ್ಟಾಗ ನಿಂತವರಲ್ಲಿ ನೂರಕ್ಕೆ ಸುಮಾರು 30 ಮಂದಿ ಕೊಂಡರು.

ಆದರೆ ಒಂದು ಪ್ರಯೋಗದಿಂದ ನಿಯಮವಾಗುವುದಿಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು. ಇಂತಹ 50 ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ತೂಗಿ ನೋಡಿದಾಗ, ಸರಾಸರಿಯಲ್ಲಿ ಆಯ್ಕೆಗಳ ಸಂಖ್ಯೆಯಿಂದ ಆಗುವ ಕೆಡುಕು ಬಹುಮಟ್ಟಿಗೆ ಶೂನ್ಯವೆಂದು ಕಂಡಿತು. ಕೆಲವು ಪ್ರಯೋಗಗಳಲ್ಲಿ ಮಾತ್ರ ಕೆಡುಕು ಏಕೆ ಎದ್ದು ಕಾಣುತ್ತದೆಂಬುದನ್ನು ಮುಂದಿನ ಅಧ್ಯಯನಗಳು ಸ್ಪಷ್ಟಪಡಿಸಿದುವು. ಆಯ್ಕೆಗಳನ್ನು ಒಂದರೊಡನೊಂದು ಹೋಲಿಸುವುದು ಕಷ್ಟವಾಗಿದ್ದರೆ, ಆರಿಸುವವನಿಗೆ ತನ್ನ ಒಲವೇ ತಿಳಿಯದಿದ್ದರೆ, ಸಂಖ್ಯೆಯು ಹೊರೆಯಾಗುತ್ತದೆ. ಮೈಸೂರ್ ಪಾಕು ಬೇಕೆಂದು ಮನೆಯಿಂದಲೇ ನಿಶ್ಚಯಿಸಿ ಹೊರಟವನಿಗೆ ಮಿಠಾಯಿ ಅಂಗಡಿಯಲ್ಲಿ ಎಷ್ಟು ಬಗೆಯಿದ್ದರೇನು?

ಗುತ್ತಲಿನ ನಮ್ಮ ಬಾಲಿಕೆಗೆ ಎರಡು ಕಷ್ಟಗಳೂ ಉಂಟು. ಡಿಪ್ಲೊಮಾವನ್ನು ವೈದ್ಯವೃತ್ತಿಯೊಡನೆ ಯಾವ ತಕ್ಕಡಿಯಲ್ಲಿ ತೂಗುವುದು? ತನಗೆ ಯಾವುದು ಹಿಡಿಸುತ್ತದೆಂದು ಹದಿನಾರನೆಯ ವಯಸ್ಸಿನಲ್ಲಿ ತಿಳಿಯುವುದಾದರೂ ಹೇಗೆ? ಆದುದರಿಂದ ಅವಳ ತೊಳಲಾಟವು ದೌರ್ಬಲ್ಯವಲ್ಲ. ಸನ್ನಿವೇಶದ ಸಹಜವಾದ ಫಲ. ಇದನ್ನು ಮೊದಲು ಮನಗಂಡರೆ ಅರ್ಧ ಭಾರ ಇಳಿದಂತೆ.

ಬುದ್ಧಿಯೊಂದೇ ಸಾಲದು

‘ಇನ್ನಷ್ಟು ಯೋಚಿಸಿದರೆ ಉತ್ತರ ಹೊಳೆಯುತ್ತದೆ’ ಎಂಬುದು ನಮ್ಮೆಲ್ಲರ ನಂಬಿಕೆ. ಇದು ಪೂರ್ತಿ ನಿಜವಲ್ಲವೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ವಿಚಿತ್ರವಾದ ಸಾಕ್ಷ್ಯವಿದೆ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತಮ್ಮ ಗ್ರಂಥದಲ್ಲಿ ಕೆಲವು ರೋಗಿಗಳನ್ನು ವರ್ಣಿಸಿದ್ದಾರೆ. ಮಿದುಳಿನ ಮುಂಭಾಗದಲ್ಲಿ, ಕಣ್ಣುಗೂಡುಗಳ ಮೇಲಿನ ಪ್ರದೇಶಕ್ಕೆ ಅವರಿಗೆ ಪೆಟ್ಟಾಗಿತ್ತು. ಬುದ್ಧಿಶಕ್ತಿ, ಜ್ಞಾಪಕ, ಮಾತು ಎಲ್ಲವೂ ಸರಿಯಾಗಿದ್ದುವು. ಭಾವನೆಗಳು ಮಾತ್ರ ಮಂಕಾಗಿದ್ದುವು. ಭಾವೋದ್ವೇಗವಿಲ್ಲದ ಇಂತಹವರು ಬಹಳ ಚೆನ್ನಾಗಿ ನಿರ್ಧಾರ ಮಾಡಬೇಕಲ್ಲವೇ? ಆದುದು ತದ್ವಿರುದ್ಧ. ಅಂತಹ ಒಬ್ಬನಿಗೆ ಮುಂದಿನ ಭೇಟಿಗಾಗಿ ಎರಡು ದಿನಾಂಕಗಳನ್ನು ಸೂಚಿಸಿದಾಗ, ಅವನು ಹವಾಮಾನ, ಇತರ ಕೆಲಸಗಳು ಮುಂತಾಗಿ ಒಂದೊಂದರ ಸಾಧಕಬಾಧಕಗಳನ್ನು ಸುಮಾರು ಅರ್ಧ ಗಂಟೆಯ ಕಾಲ ವಿವರಿಸುತ್ತಲೇ ಇದ್ದನು. ತರ್ಕ ನಿರ್ದೋಷ, ತೀರ್ಮಾನ ಮಾತ್ರ ಇಲ್ಲ!

ತರ್ಕವು ಎಣಿಸಬಲ್ಲದು, ಎಣಿಕೆಯನ್ನು ನಿಲ್ಲಿಸಲು ಒಲವೆಂಬುದು ಬೇಕು. ಹೀಗೆಂದು ಮನಸ್ಸಿಗೆ ಹಿತವೆನಿಸಿದುದೆಲ್ಲ ಸರಿಯೆಂದಲ್ಲ. ಭಾವನೆಗೂ ತನ್ನದೇ ಆದ ವಕ್ರತೆಯುಂಟು. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ತೋರಿಸಿದಂತೆ, ನೂರು ರೂಪಾಯಿ ಕಳೆದುಕೊಂಡ ನೋವು ನೂರು ರೂಪಾಯಿ ಗಳಿಸಿದ ಸಂತೋಷಕ್ಕಿಂತ ತೂಕವಾಗಿರುತ್ತದೆ. ಒಂದು ದಾರಿಯನ್ನು ಹಿಡಿಯುವುದೆಂದರೆ ಉಳಿದ ದಾರಿಗಳನ್ನು ಬಿಡುವುದು. ಆ ಬಿಡುವಿಕೆಯನ್ನು ಮನಸ್ಸು ನಷ್ಟವೆಂದು ಲೆಕ್ಕ ಹಾಕಿ ಹೆದರುತ್ತದೆ. ವಿಜ್ಞಾನವನ್ನು ಆರಿಸಿದರೆ ಸಾಹಿತ್ಯ ಹೋಯಿತು. ಸಾಹಿತ್ಯವನ್ನು ಆರಿಸಿದರೆ ಇಂಜಿನಿಯರಿಂಗ್ ಹೋಯಿತು. ಆರಿಸದಿದ್ದರೆ ಯಾವುದೂ ಹೋಗಲಿಲ್ಲವೆಂಬ ಭ್ರಮೆ! ವಾಸ್ತವವಾಗಿ ಅರ್ಜಿಯ ದಿನ ಕಳೆದುಹೋದರೆ ಎಲ್ಲವೂ ಹೋದಂತೆಯೇ. ನಿರ್ಧರಿಸದಿರುವುದೂ ಒಂದು ನಿರ್ಧಾರ. ಆದರೆ ಅದನ್ನು ನಮ್ಮ ಪರವಾಗಿ ಪಂಚಾಂಗವು ಮಾಡುತ್ತದೆ.

ಅತ್ಯುತ್ತಮವೋ, ಸಾಕಷ್ಟು ಉತ್ತಮವೋ?

ತೊಳಲಾಟಕ್ಕೆ ಮತ್ತೊಂದು ಮೂಲವೆಂದರೆ ‘ಅತ್ಯುತ್ತಮವಾದುದನ್ನೇ ಆರಿಸಬೇಕು’ ಎಂಬ ಹಟ. ಗಣಿತಜ್ಞರು ಈ ಹಟವನ್ನು ಒಂದು ಸೊಗಸಾದ ಸಮಸ್ಯೆಯಾಗಿ ಮಾರ್ಪಡಿಸಿದ್ದಾರೆ. ಒಂದು ಹುದ್ದೆಗೆ ನೂರು ಮಂದಿ ಒಬ್ಬರಾದ ಮೇಲೊಬ್ಬರಂತೆ ಬರುತ್ತಾರೆ. ಪ್ರತಿಯೊಬ್ಬರನ್ನೂ ನೋಡಿದ ಕೂಡಲೇ ‘ಹೌದು’ ಅಥವಾ ‘ಇಲ್ಲ’ ಎನ್ನಬೇಕು. ಕಳುಹಿಸಿದವರನ್ನು ಮತ್ತೆ ಕರೆಯುವಂತಿಲ್ಲ. ಎಲ್ಲರಿಗಿಂತ ಯೋಗ್ಯರಾದವರನ್ನು ಆರಿಸುವ ಉಪಾಯವೇನು? ಗಣಿತದ ಉತ್ತರ ಇದು: ಮೊದಲ 37 ಮಂದಿಯನ್ನು ಕೇವಲ ನೋಡಿ ಕಳುಹಿಸಿ, ಅನಂತರ ಅವರೆಲ್ಲರಿಗಿಂತ ಮೇಲಾಗಿ ಕಾಣುವ ಮೊದಲನೆಯವರನ್ನು ಆರಿಸಿ. ಇದಕ್ಕಿಂತ ಉತ್ತಮವಾದ ನಿಯಮವಿಲ್ಲ.

ಈ ಉತ್ತರದಲ್ಲಿ ಎರಡು ಪಾಠಗಳಿವೆ. ನೋಡುವುದಕ್ಕೆ ಒಂದು ಅವಧಿ ಬೇಕು, ಆ ಅವಧಿಗೆ ಒಂದು ಕೊನೆಯೂ ಬೇಕು ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯವಾದುದು: ಈ ಶ್ರೇಷ್ಠ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೂ ಅತ್ಯುತ್ತಮರು ದೊರೆಯುವ ಸಂಭವ ನೂರಕ್ಕೆ ಸುಮಾರು 37 ಮಾತ್ರ. ಉಳಿದ 63 ಸಲ, ತಪ್ಪೇನನ್ನೂ ಮಾಡದೆಯೇ, ಅತ್ಯುತ್ತಮವು ಕೈತಪ್ಪುತ್ತದೆ. ನಿರ್ಧಾರದ ರೀತಿ ಬೇರೆ, ಅದರ ಫಲ ಬೇರೆ. ಫಲವು ನಿರೀಕ್ಷಿಸಿದಂತೆ ಬರಲಿಲ್ಲವೆಂದು ರೀತಿಯನ್ನು ಹಳಿಯುವುದು ನ್ಯಾಯವಲ್ಲ.

1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಹರ್ಬರ್ಟ್ ಸೈಮನ್ ಬೇರೊಂದು ದಾರಿಯನ್ನು ತೋರಿಸಿದರು. ಮನುಷ್ಯನ ಕಾಲವೂ ತಿಳಿವಳಿಕೆಯೂ ಮಿತವಾದುವು. ಆದುದರಿಂದ ಆತನು ಮೊದಲು ‘ಇಷ್ಟಿದ್ದರೆ ಸಾಕು’ ಎಂಬ ಮಟ್ಟವನ್ನು ಗೊತ್ತುಮಾಡಿಕೊಂಡು, ಆ ಮಟ್ಟವನ್ನು ಮುಟ್ಟಿದ ಮೊದಲನೆಯದನ್ನು ಹಿಡಿಯುವುದು ವಿವೇಕ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಉದ್ಯೋಗ ಹುಡುಕುತ್ತಿದ್ದ ಪದವೀಧರರನ್ನು ಪರಿಶೀಲಿಸಿತು. ಅತ್ಯುತ್ತಮವೇ ಬೇಕೆನ್ನುವ ಸ್ವಭಾವದವರು ಇತರರಿಗಿಂತ ಸುಮಾರು ನೂರಕ್ಕೆ 20ರಷ್ಟು ಹೆಚ್ಚಿನ ಸಂಬಳವನ್ನು ಪಡೆದರು. ಆದರೆ ತೃಪ್ತಿಯಲ್ಲಿ ಅವರೇ ಹಿಂದುಳಿದರು.

ನಮ್ಮ ಬಾಲಿಕೆ ‘ಯಾವುದು ಎಲ್ಲಕ್ಕಿಂತ ಶ್ರೇಷ್ಠ?’ ಎಂದು ಕೇಳುವುದನ್ನು ಬಿಟ್ಟು, ತನಗೆ ಅವಶ್ಯವಾದ ಮೂರು ನಾಲ್ಕು ಅಂಶಗಳನ್ನು ಬರೆದುಕೊಳ್ಳಲಿ. ಮನೆಯಿಂದಲೇ ಹೋಗಿಬರುವಂತಿರಬೇಕು, ಖರ್ಚು ಇಷ್ಟನ್ನು ಮೀರಬಾರದು, ಲೆಕ್ಕವಿರಬೇಕು, ಐದಾರು ವರ್ಷಗಳಲ್ಲಿ ಸ್ವಂತ ಸಂಪಾದನೆಗೆ ದಾರಿಯಾಗಬೇಕು. ಇಷ್ಟು ಬರೆದೊಡನೆಯೇ ಹತ್ತು ಬಾಗಿಲುಗಳಲ್ಲಿ ಆರೇಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಕನ್ನಂಬಾಡಿಯ ಪಾಠ

ಉಳಿದ ಎರಡು ಮೂರು ಬಾಗಿಲುಗಳ ಮುಂದೆಯೂ ಭಯ ಬಿಡದು. ‘ಇಡೀ ಬಾಳನ್ನೇ ಈಗ ತೀರ್ಮಾನಿಸಬೇಕಲ್ಲ!’ ಎಂಬುದು ಆ ಭಯದ ಬೇರು. ಇದಕ್ಕೆ ಮದ್ದನ್ನು ಮಂಡ್ಯದ ಸೀಮೆಯ ಚರಿತ್ರೆಯಲ್ಲಿಯೇ ಹುಡುಕಬಹುದು.

ಶ್ರೀ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಅದಕ್ಕೆ ಮುನ್ನ ಅವರು ಮುಂಬಯಿ ಸರ್ಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾಗಿದ್ದರು. ಮೈಸೂರಿನ ಕರೆ ಬಂದಾಗ ಅವರು ಒಡನೆಯೇ ಒಪ್ಪಲಿಲ್ಲ. ಹಾಗೆಂದು ಸಂದೇಹದಲ್ಲಿಯೂ ಕುಳಿತುಕೊಳ್ಳಲಿಲ್ಲ. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣದ ಕ್ಷೇತ್ರಗಳಲ್ಲಿ ದುಡಿಯಲು ತಮಗೆ ಅವಕಾಶ ದೊರೆಯುವುದೇ ಎಂದು ವಿಚಾರಿಸಿ, ಭರವಸೆ ಬಂದ ಮೇಲೆ ಒಪ್ಪಿದರು. ಮನಸ್ಸಿನೊಳಗೆ ಸುತ್ತುತ್ತಿದ್ದ ಸಂದೇಹವನ್ನು ಉತ್ತರ ಹೇಳಬಲ್ಲವರ ಮುಂದೆ ಪ್ರಶ್ನೆಯಾಗಿ ಇಟ್ಟುದೇ ಇಲ್ಲಿನ ವಿಶೇಷ.

ಅವರು ಕೈಗೊಂಡ ಕನ್ನಂಬಾಡಿ ಅಣೆಕಟ್ಟಿನ ಯೋಜನೆ ಸಣ್ಣದಾಗಿರಲಿಲ್ಲ. 81 ಲಕ್ಷ ರೂಪಾಯಿಗಳ ಅಂದಾಜನ್ನು ಕಂಡು ಸಂಸ್ಥಾನದ ಹಣಕಾಸಿನ ಇಲಾಖೆ ಅಳುಕಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಒಪ್ಪಿಗೆ 1911ರ ಅಕ್ಟೋಬರಿನಲ್ಲಿ ದೊರೆಯಿತು. ಆದರೆ ಕಾವೇರಿಯ ಕೆಳಭಾಗದಲ್ಲಿದ್ದ ಮದರಾಸು ಸರ್ಕಾರ ಪೂರ್ಣ ಯೋಜನೆಗೆ ಸಮ್ಮತಿಸಿರಲಿಲ್ಲ. ಅದು ಒಪ್ಪಿದ್ದು ಸುಮಾರು 80 ಅಡಿ ಎತ್ತರದ ಮೊದಲ ಹಂತಕ್ಕೆ ಮಾತ್ರ. ಮೈಸೂರಿನ ಉದ್ದೇಶವೋ 124 ಅಡಿ. ಪೂರ್ಣ ಸಮ್ಮತಿ ಬರುವವರೆಗೆ ಕಾಯುವುದೆಂದರೆ ಎಷ್ಟು ವರ್ಷವೆಂದು ಹೇಳಬಲ್ಲವರಾರು? 80 ಅಡಿಗೆ ತಕ್ಕಂತೆಯೇ ಎಲ್ಲವನ್ನೂ ಕಟ್ಟಿಬಿಟ್ಟರೆ ಮುಂದೆ ಎತ್ತರಿಸಲು ಅವಕಾಶವಿಲ್ಲ. ವಿಶ್ವೇಶ್ವರಯ್ಯನವರು ಮಾಡಿದ್ದೇನು? ಗೋಡೆಯನ್ನು ಹಂತಹಂತವಾಗಿ ಏರಿಸುವುದು. ತಳಪಾಯವನ್ನು ಮಾತ್ರ ಆರಂಭದಲ್ಲಿಯೇ ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿ ಹಾಕುವುದು.

ಈ ಅಗಲವಾದ ತಳಪಾಯಕ್ಕೆ ಬೆಲೆಯನ್ನೂ ತೆರಬೇಕಾಯಿತು. ಮದರಾಸು ಆಕ್ಷೇಪಿಸಿತು, ವಿವಾದ ಮಧ್ಯಸ್ಥಿಕೆಗೆ ಹೋಯಿತು, ಕೊನೆಗೆ 1924ರ ಒಪ್ಪಂದದವರೆಗೆ ಎಳೆಯಿತು. ಆದರೂ ಅಣೆಕಟ್ಟು ಉದ್ದೇಶಿಸಿದ ಎತ್ತರಕ್ಕೆ ಏರಿತು. 1930ರ ದಶಕದ ಆರಂಭದಲ್ಲಿ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯತೊಡಗಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ರಾಗಿಯ ಹೊಲಗಳಿದ್ದ ಸೀಮೆ ಕಬ್ಬು ಭತ್ತಗಳ ಸೀಮೆಯಾಯಿತು.

ಇಲ್ಲಿರುವ ತತ್ತ್ವವನ್ನು ನಾವು ಹೀಗೆ ಹೇಳಬಹುದು: ದೊಡ್ಡ ನಿರ್ಧಾರವೆಂಬುದು ಒಂದೇ ಬಂಡೆಯಲ್ಲ, ಅದು ಹಲವು ಕಲ್ಲುಗಳ ಕಟ್ಟಡ. ಇಂದೇ ತೀರ್ಮಾನಿಸಬೇಕಾದುದು ಯಾವುದು, ನಾಳೆಗೆ ಬಿಡಬಹುದಾದುದು ಯಾವುದು ಎಂದು ಬೇರ್ಪಡಿಸಬೇಕು. ಇಂದಿನದನ್ನು ನಾಳಿನ ಎತ್ತರಕ್ಕೆ ಎಡೆ ಇರುವಂತೆ ಮಾಡಬೇಕು. ನಾಳಿನದನ್ನು ನಾಳೆ ಬರುವ ತಿಳಿವಳಿಕೆಗೆ ಬಿಡಬೇಕು.

ನಮ್ಮ ಬಾಲಿಕೆ ಈ ಬೇಸಗೆಯಲ್ಲಿ ‘ಇಂಜಿನಿಯರೋ ಅಧ್ಯಾಪಕಿಯೋ’ ಎಂದು ತೀರ್ಮಾನಿಸಬೇಕಾಗಿಲ್ಲ. ಮುಂದಿನ ಎರಡು ಮೂರು ವರ್ಷಗಳನ್ನು ಮಾತ್ರ ತೀರ್ಮಾನಿಸಬೇಕು. ಹಿಂದಿರುಗುವ, ಪಕ್ಕಕ್ಕೆ ಹೊರಳುವ ದಾರಿಗಳು ನಾವು ಎಣಿಸುವುದಕ್ಕಿಂತ ಹೆಚ್ಚಾಗಿಯೇ ಇವೆ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆಯ ಮೂಲಕ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಹೋಗುವ ದಾರಿಯುಂಟು. ಪದವಿಪೂರ್ವದಲ್ಲಿ ವಿಜ್ಞಾನವನ್ನು ಓದಿದವರು ಪದವಿಯಲ್ಲಿ ಕಲೆಗೋ ವಾಣಿಜ್ಯಕ್ಕೋ ತಿರುಗಬಹುದು. ಕಲೆಯನ್ನು ಓದಿದವರು ವೈದ್ಯಕೀಯಕ್ಕೆ ತಿರುಗಲು ಬಾರದು. ಯಾವ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ, ಯಾವುದು ಒಂದೇ ಕಡೆಗೆ, ಎಂಬುದನ್ನು ಮೊದಲು ವಿಚಾರಿಸಿ ತಿಳಿಯಬೇಕು. ಹಾಗೆಂದು ಎಲ್ಲರೂ ವಿಜ್ಞಾನಕ್ಕೇ ಹೋಗಲೆಂದು ನಾವು ಹೇಳುತ್ತಿಲ್ಲ. ಅಗಲವಾದ ತಳಪಾಯಕ್ಕೆ ಕಲ್ಲೂ ಗಾರೆಯೂ ಹೆಚ್ಚು ಬೇಕು. ಕಟ್ಟುವ ಮನಸ್ಸೇ ಇಲ್ಲದ ಎತ್ತರಕ್ಕಾಗಿ ತಳಪಾಯವನ್ನು ಹಾಕುವುದು ದಂಡ.

ರೈತನಿಗೆ ಈ ವಿವೇಕ ಹೊಸದಲ್ಲ. ಕಬ್ಬನ್ನು ನೆಟ್ಟರೆ ಗದ್ದೆ ಒಂದು ವರ್ಷಕ್ಕೆ ಕಟ್ಟಿಬಿದ್ದಂತೆ. ಕೂಳೆಯನ್ನೂ ಉಳಿಸಿಕೊಂಡರೆ ಇನ್ನೂ ದೀರ್ಘಕಾಲ. ರಾಗಿಯಾದರೆ ನಾಲ್ಕು ತಿಂಗಳಲ್ಲಿ ಗದ್ದೆ ಮತ್ತೆ ತೆರವು. ಹೆಚ್ಚು ಕಾಲ ಕಟ್ಟಿಹಾಕುವ ಆಯ್ಕೆಗೆ ಹೆಚ್ಚು ಯೋಚನೆ. ಬೇಗ ಬಿಡಿಸಿಕೊಳ್ಳಬಹುದಾದುದಕ್ಕೆ ಕಡಿಮೆ. ಎರಡಕ್ಕೂ ಒಂದೇ ಪ್ರಮಾಣದ ಚಿಂತೆ ಮಾಡುವವನು ವ್ಯವಸಾಯಗಾರನಲ್ಲ.

ಮನೆಯವರ ಆಕ್ಷೇಪಣೆ

ನಮ್ಮಲ್ಲಿ ಇಂತಹ ನಿರ್ಧಾರವು ಒಬ್ಬರದೇ ಆಗಿರುವುದು ವಿರಳ; ಅದು ಮನೆಯವರೆಲ್ಲರದು. ಹಿರಿಯರ ಆಕ್ಷೇಪಣೆಗೆ ಕೆಲವರು ಸುಮ್ಮನೆ ತಲೆಬಾಗುತ್ತಾರೆ, ಕೆಲವರು ಜಗಳವಾಡುತ್ತಾರೆ. ಮೂರನೆಯ ದಾರಿಯೂ ಒಂದುಂಟು.

1831ರ ಆಗಸ್ಟಿನಲ್ಲಿ 22 ವರ್ಷದ ಚಾರ್ಲ್ಸ್ ಡಾರ್ವಿನ್ನನಿಗೆ ‘ಬೀಗಲ್’ ಎಂಬ ಹಡಗಿನಲ್ಲಿ ಲೋಕವನ್ನು ಸುತ್ತುವ ಆಹ್ವಾನ ಬಂದಿತು. ಮಗನು ಪಾದ್ರಿಯಾಗಲೆಂದು ಬಯಸಿದ್ದ ತಂದೆ ಒಪ್ಪಲಿಲ್ಲ. ಡಾರ್ವಿನ್ ನಿರಾಕರಣೆಯ ಪತ್ರವನ್ನೂ ಬರೆದುಬಿಟ್ಟನು. ಅನಂತರ ಸೋದರಮಾವ ಜೋಸಯಾ ವೆಜ್‌ವುಡ್‌ನ ಮನೆಗೆ ಹೋದಾಗ ತಂದೆಯ ಆಕ್ಷೇಪಣೆಗಳನ್ನು ಪಟ್ಟಿ ಮಾಡಿಕೊಟ್ಟನು. ಅವು ಎಂಟು ಆದುವು. ಮಾವನು ಒಂದೊಂದಕ್ಕೂ ಪ್ರತ್ಯೇಕವಾಗಿ, ಶಾಂತವಾಗಿ ಉತ್ತರ ಬರೆದನು. ತಂದೆ ಮನಸ್ಸನ್ನು ಬದಲಾಯಿಸಿದನು. ಡಿಸೆಂಬರ್ 27ರಂದು ಹಡಗು ಹೊರಟಿತು; ಜೀವವಿಕಾಸದ ಸಿದ್ಧಾಂತಕ್ಕೆ ಆ ಯಾತ್ರೆಯೇ ತಳಹದಿಯಾಯಿತು. ‘ಅಪ್ಪ ಒಪ್ಪುವುದಿಲ್ಲ’ ಎಂಬ ಒಂದು ಗೋಡೆಯು ಎಂಟು ಕಲ್ಲುಗಳಾಗಿ ಬಿಡಿಯಾದೊಡನೆ, ಒಂದೊಂದನ್ನೂ ಸರಿಸಲು ಸಾಧ್ಯವಾಯಿತು. ಖರ್ಚಿನ ಭಯಕ್ಕೆ ವಿದ್ಯಾರ್ಥಿವೇತನದ ವಿವರವೇ ಉತ್ತರ. ದೂರದ ಭಯಕ್ಕೆ ವಿದ್ಯಾರ್ಥಿನಿಲಯವನ್ನು ಹೋಗಿ ನೋಡಿಬರುವುದೇ ಉತ್ತರ. ಕೆಲವು ಆಕ್ಷೇಪಣೆಗಳಿಗೆ ಉತ್ತರವಿಲ್ಲದಿರಬಹುದು. ಆಗ ಹಿರಿಯರ ಮಾತೇ ಸರಿಯೆಂದು ತಿಳಿಯುವುದೂ ಒಂದು ಲಾಭ.

ಸ್ವಂತ ಮನಸ್ಸಿನ ಆಕ್ಷೇಪಣೆಗಳಿಗೆ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಪ್ರೀಸ್ಟ್ಲಿಗೆ ಬರೆದ ಪತ್ರದ ವಿಧಾನ ಒಳ್ಳೆಯದು. ಕಾಗದದ ನಡುವೆ ಗೆರೆ ಎಳೆದು, ಒಂದು ಕಡೆ ಅನುಕೂಲಗಳನ್ನೂ ಮತ್ತೊಂದು ಕಡೆ ಪ್ರತಿಕೂಲಗಳನ್ನೂ ಮೂರು ನಾಲ್ಕು ದಿನಗಳ ಕಾಲ ಹೊಳೆದಂತೆ ಬರೆಯುತ್ತ ಹೋಗಬೇಕು. ಅನಂತರ ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕಬೇಕು. ಉಳಿದುದು ದಾರಿಯನ್ನು ತೋರಿಸುತ್ತದೆ. ಎಲ್ಲ ಕಾರಣಗಳೂ ಮನಸ್ಸಿನಲ್ಲಿ ಒಮ್ಮೆಗೇ ನಿಲ್ಲುವುದಿಲ್ಲ. ಒಂದು ಬಂದಾಗ ಇನ್ನೊಂದು ಮರೆಯಾಗುತ್ತದೆ. ಕಾಗದದ ಮೇಲಾದರೋ ಎಲ್ಲವೂ ಒಟ್ಟಿಗೆ ಕುಳಿತಿರುತ್ತವೆ.

ತಾಲೀಮು ಮತ್ತು ಗಡುವು

ಒಲವು ತಿಳಿಯದವರಿಗೆ ಪಟ್ಟಿಯೂ ಸಾಲದು. ಅವರಿಗೆ ಬೇಕಾದುದು ಅನುಭವ. ಕೃಷಿ ಸಂಶೋಧಕರು ಹೊಸ ತಳಿಯನ್ನು ಊರಿಗೆಲ್ಲ ಸಾರುವ ಮೊದಲು ಸಣ್ಣ ಪ್ರಾಯೋಗಿಕ ತಾಕುಗಳಲ್ಲಿ ಬೆಳೆದು ನೋಡುತ್ತಾರೆ. ಅಂತೆಯೇ ನಮ್ಮ ಬಾಲಿಕೆಯು ರಜದಲ್ಲಿ ಎರಡು ದಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿಯೋ, ಕಾರ್ಯಾಗಾರದಲ್ಲಿಯೋ, ದಾದಿಯೊಬ್ಬರ ಬಳಿಯೋ ಕುಳಿತು ನೋಡಲಿ. ಮೊದಲ ವರ್ಷದ ಪಠ್ಯಪುಸ್ತಕವೊಂದನ್ನು ಎರವಲು ತಂದು ಎರಡು ಅಧ್ಯಾಯಗಳನ್ನು ಓದಲಿ. ಎರಡು ತಿಂಗಳ ಯೋಚನೆಯು ಕೊಡದ ಉತ್ತರವನ್ನು ಎರಡು ದಿನದ ಪರಿಚಯ ಕೊಡಬಲ್ಲದು.

ಪದವಿಪೂರ್ವ ಮುಗಿಸಿದವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯವಸ್ಥೆಯಲ್ಲಿಯೇ ಇಂತಹ ತಾಲೀಮು ಅಡಕವಾಗಿದೆ. ನೈಜ ಹಂಚಿಕೆಗೆ ಮುನ್ನ ನಡೆಯುವ ಅಣಕು ಹಂಚಿಕೆಯಲ್ಲಿ, ತಾವು ಬರೆದ ಆದ್ಯತೆಯ ಕ್ರಮದಿಂದ ಯಾವ ಕಾಲೇಜು ಸಿಗಬಹುದೆಂದು ಅಭ್ಯರ್ಥಿಗಳು ನೋಡಿ ಕ್ರಮವನ್ನು ಬದಲಾಯಿಸಿಕೊಳ್ಳಬಹುದು. ಆ ಕಾಲೇಜಿನ ಹೆಸರನ್ನು ಕಂಡೊಡನೆ ಸಂತೋಷವಾಯಿತೇ, ಎದೆ ಧಸಕ್ಕೆಂದಿತೇ? ಅದು ಒಲವಿನ ಮಾಪನ. ನೈಜ ಹಂಚಿಕೆಯಾದ ಮೇಲೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಕೊಡುವುದು ರೂಢಿ: ಒಪ್ಪಿ ಸೇರುತ್ತೇನೆ, ಇದನ್ನು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುತ್ತೇನೆ, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುತ್ತೇನೆ, ಹೊರನಡೆಯುತ್ತೇನೆ. ವಿವರಗಳನ್ನು ಆಯಾ ವರ್ಷದ ಸೂಚನೆಯಲ್ಲಿ ನೋಡಿಕೊಳ್ಳಬೇಕು. ಆದರೆ ಗಮನಿಸಿ: ಸುಮ್ಮನಿರುವುದು ಐದನೆಯ ಉತ್ತರವಲ್ಲ. ಪ್ರತಿ ಸುತ್ತಿಗೂ ಗಡುವುಂಟು.

ಮನೆಯಲ್ಲಿ ಮಾಡುವ ನಿರ್ಧಾರಕ್ಕೂ ಇಂತಹ ಗಡುವು ಬೇಕು. ‘ಇಂತಹ ದಿನದವರೆಗೆ ವಿಚಾರಿಸುತ್ತೇನೆ, ಆ ಸಂಜೆ ತೀರ್ಮಾನಿಸುತ್ತೇನೆ’ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು. ಆ ಸಂಜೆ ಎರಡು ದಾರಿಗಳು ಸಮಸಮವಾಗಿಯೇ ಉಳಿದರೆ? ಸಮಸಮವಾಗಿದ್ದರೆ ಯಾವುದನ್ನು ಹಿಡಿದರೂ ಆಗುವ ನಷ್ಟ ಸ್ವಲ್ಪವೇ ಎಂದರ್ಥ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉದ್ಯೋಗವನ್ನು ಬಿಡಬೇಕೇ ಎಂಬಂತಹ ಪ್ರಶ್ನೆಗಳಲ್ಲಿ ಸಿಲುಕಿದ್ದವರಿಗಾಗಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನಾಣ್ಯವನ್ನು ಚಿಮ್ಮಲಾಯಿತು. ಮುಖ್ಯವಾದ ವಿಷಯಗಳಲ್ಲಿ ಬದಲಾವಣೆಯ ಕಡೆಗೆ ನಾಣ್ಯ ಬಿದ್ದು, ಅದರಂತೆ ನಡೆದವರು ಆರು ತಿಂಗಳ ಅನಂತರ ಹೆಚ್ಚು ಸಂತೋಷದಿಂದಿದ್ದರು. ನಾಣ್ಯಕ್ಕೆ ಯಾವ ಮಹಿಮೆಯೂ ಇಲ್ಲ. ಆ ಜನರು ಮೊದಲೇ ಅಂಚಿನಲ್ಲಿ ನಿಂತವರು. ಅಂಚಿನಲ್ಲಿ ನಿಂತ ಮನಸ್ಸು ಸಾಮಾನ್ಯವಾಗಿ ಇದ್ದ ಸ್ಥಿತಿಗೇ ಅಂಟಿಕೊಳ್ಳುತ್ತದೆಂಬುದು ಇದರಿಂದ ತೋರುತ್ತದೆ.

ನಿರ್ಧರಿಸಿದ ಮೇಲೆ

ನಿರ್ಧಾರವಾದ ಮೇಲೆ ಹಿಂದಿರುಗಿ ನೋಡುತ್ತಲೇ ಇರುವುದು ಮತ್ತೊಂದು ಬಗೆಯ ಮೀನಮೇಷ. 2002ರಲ್ಲಿ ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ತಾವು ತೆಗೆದ ಎರಡು ಛಾಯಾಚಿತ್ರಗಳಲ್ಲಿ ಒಂದನ್ನು ಇಟ್ಟುಕೊಳ್ಳಬೇಕಾಗಿತ್ತು. ಕೆಲವರಿಗೆ ಮುಂದೆ ಬದಲಾಯಿಸಿಕೊಳ್ಳುವ ಅವಕಾಶವಿತ್ತು, ಕೆಲವರಿಗೆ ಇರಲಿಲ್ಲ. ಅವಕಾಶವಿಲ್ಲದವರೇ ತಮ್ಮ ಚಿತ್ರವನ್ನು ಹೆಚ್ಚಾಗಿ ಮೆಚ್ಚಿದರು. ಆದುದರಿಂದ ಹಿಂದಿರುಗುವ ದಾರಿಯಿದೆಯೆಂದು ತಿಳಿದಿರಬೇಕು. ಆದರೆ ಆ ದಾರಿಯ ಬಾಯಲ್ಲಿಯೇ ನಿಂತಿರಬಾರದು. ‘ಒಂದು ವರ್ಷ ಮನಃಪೂರ್ವಕವಾಗಿ ಓದುತ್ತೇನೆ, ವರ್ಷದ ಕೊನೆಯಲ್ಲಿ ಪರಾಮರ್ಶಿಸುತ್ತೇನೆ’ ಎಂಬ ಒಪ್ಪಂದವನ್ನು ತನ್ನೊಡನೆ ತಾನೇ ಮಾಡಿಕೊಳ್ಳುವುದು ಲೇಸು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಯಾವ ಸಣ್ಣ ವಿಷಯದಲ್ಲಿಯೂ ತೀರ್ಮಾನಕ್ಕೆ ಬರಲಾಗದೆ, ಜೊತೆಗೆ ನಿದ್ರೆ ಹಸಿವುಗಳು ಕೆಟ್ಟು, ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ, ಅದು ಖಿನ್ನತೆಯ ಲಕ್ಷಣವಿರಬಹುದು. ಅದಕ್ಕೆ ಮೇಲೆ ಹೇಳಿದ ಪಟ್ಟಿಗಳು ಮದ್ದಲ್ಲ. ವೈದ್ಯರ ನೆರವು ಬೇಕು. 2022ರಲ್ಲಿ ಭಾರತ ಸರ್ಕಾರವು ಪ್ರಾರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕರೆಮಾಡಿ ಖರ್ಚಿಲ್ಲದೆ ಸಲಹೆ ಪಡೆಯಬಹುದು. ಅಂಕಗಳು ಕಡಿಮೆಯಾಗಿ ‘ಎಲ್ಲ ದಾರಿಗಳೂ ಮುಚ್ಚಿದುವು’ ಎನಿಸಿದವರು ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಹಾಗೆ ಎನಿಸುವುದು ಆಗಿನ ಮನಸ್ಸಿನ ಸ್ಥಿತಿಯೇ ಹೊರತು ಲೋಕದ ಸ್ಥಿತಿಯಲ್ಲ.

ಕನ್ನಂಬಾಡಿಯ ತಳಪಾಯಕ್ಕೆ ಮೊದಲ ಕಲ್ಲನ್ನು ಇಟ್ಟಾಗ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಏನೇನಾಗುವುದೆಂದು ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ. ತಿಳಿಯಲೆಂದು ಕಾದಿದ್ದರೆ ಗುತ್ತಲಿನ ಸುತ್ತಮುತ್ತಲ ಗದ್ದೆಗಳಿಗೆ ನೀರು ಬರುತ್ತಿರಲಿಲ್ಲ. ಪೂರ್ಣವಾದ ಖಚಿತತೆಯು ನಿರ್ಧಾರಕ್ಕೆ ಮೊದಲು ದೊರೆಯುವ ವಸ್ತುವಲ್ಲ. ಅದರ ಬಹುಭಾಗ ದೊರೆಯುವುದು ಹೆಜ್ಜೆಯಿಟ್ಟ ಮೇಲೆಯೇ. ನಮ್ಮ ತರುಣ ವಾಚಕರು ಇಂದು ಇಡಬೇಕಾದ ಕಲ್ಲು ಯಾವುದೆಂದು ಗುರುತಿಸಿಕೊಳ್ಳಲಿ. ಅದನ್ನು ಅಗಲವಾಗಿ, ಭದ್ರವಾಗಿ ಇಡಲಿ. ಎತ್ತರದ ಮಾತನ್ನು ಮುಂದೆ ನೋಡೋಣ.